ಬೂದಿಯ ಉಪವಾಸ

ಬುಧವಾರ, ಮಧ್ಯಾಹ್ನದ ಬಿಡುವಿನಲ್ಲಿ

ಮಾತಾಡಬಾರದ ನನ್ನ ಅಮ್ಮನಿಗೆ,

ಪಿಸುಮಾತೂ ಕೂಡದು ಅಂತ ಡಾಕ್ಟರು ಹೇಳಿದ್ದು ನೆನಪಿದೆ ತಾನೆ? ಚಿಕ್ಕಮ್ಮನ ಮನೆಯಲ್ಲಿ ಫೋನಿದ್ದರೂ ನಾನು ಪತ್ರ ಬರೆಯುತ್ತಿರುವುದು ಅದಕ್ಕೇ. ಹೋದ ಸಲ ನಾನು ಮುದ್ರಣಾಲಯದಿಂದ ಫೋನು ಮಾಡಿದಾಗ ನೀನು ಸ್ಲೇಟಿನ ಮೇಲೆ ಬರೆದದ್ದನ್ನು ಚಿಕ್ಕಮ್ಮ ಓದಿ ಹೇಳಿದಳು. ನೀನು ಬರೆದದ್ದು ಒಂದು ಸಾಲು ಇರಬೇಕು, ಅವಳು ಓದಿದ್ದು ಮುಗಿಯಲೇ ಇಲ್ಲ. ಅದರಲ್ಲಿದ್ದ ನನ್ನ ಮದುವೆಯ ಮಾತು ಸ್ಲೇಟಿನ ಮೇಲೆ ಇರಲಿಲ್ಲ ಅಂತಲೇ ನಾನು ನಂಬಿದ್ದೇನೆ.

ಗಂಟಲ ಗಾಯ ಮಾಗುತ್ತಿದೆಯೇ? ನಿನ್ನ ಮಾತ್ರೆಗಳ ಹಸಿರು ಡಬ್ಬಿ ಮನೆಯಲ್ಲೆಲ್ಲೂ ಕಾಣಲಿಲ್ಲ. ಜೊತೆಗೇ ಒಯ್ದಿರಬೇಕು ಅಂದುಕೊಂಡೆ.

ನಡುಮನೆಯ ಟ್ಯಾಂಕುಗಳನ್ನು ನೀನು ಹೇಳಿಕೊಟ್ಟ ಹಾಗೆಯೇ ನೋಡಿಕೊಳ್ಳುತ್ತಿದ್ದೇನೆ. ಹಿಂದಿನ ದಿನ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರನ್ನೇ ಹಾಕುತ್ತೇನೆ. ಚಿಟಿಕೆಗಿಂತ ಹೆಚ್ಚು ಕಾಳು ಉದುರಿಸುವುದಿಲ್ಲ. ಗಾಜಿನ ಮೇಲೆ ಬೆರಳಿಂದ ಬಡಿಯುವುದಿಲ್ಲ. ಮೀನನ್ನು ಹೊಸ ನೀರಿಗೆ ಒಮ್ಮೆಲೇ ಸುರಿಯಬಾರದು, ಲೋಟ ಲೋಟವಾಗಿ ಒಗ್ಗಿಸಬೇಕು ಅನ್ನುವ ನಿನ್ನ ಪಾಠವನ್ನಂತೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ.

ಆದರೆ ಇದು ಕ್ಷೇಮ ಸಮಾಚಾರದ ಪತ್ರವಲ್ಲ. ಅಮ್ಮ, ಬೂದಿ ಉಪವಾಸ ಕೂತಿದ್ದಾಳೆ.

ನೀನು ಹೋದ ಮಾರನೆಯ ದಿನದಿಂದಲೇ ಶುರು. ಮೊದಲು ನಾನು ಗಮನಿಸಲಿಲ್ಲ. ದೊಡ್ಡ ಟ್ಯಾಂಕಿನ ಸಿಕ್ಲಿಡ್ ಮೀನುಗಳಲ್ಲಿ ಎಲ್ಲರ ಕಣ್ಣು ಆ ನೀಲಿ ಸಾಹೇಬನ ಮೇಲೇ ಹೋಗುತ್ತದೆಯೇ ಹೊರತು ಮೂಲೆಯಲ್ಲಿರುವ ಬೂದುಬಣ್ಣದವಳ ಮೇಲೆ ಹೋಗುವುದಿಲ್ಲವಲ್ಲ. ಕಾಳು ಉದುರಿಸಿದರೆ ಉಳಿದವರೆಲ್ಲ ಮುಗಿಬೀಳುತ್ತಾರೆ. ಅವಳ ಮೂಗಿನ ಮುಂದೆಯೇ ಬಿದ್ದರೂ ಅವಳು ಮುಖ ತಿರುಗಿಸುತ್ತಾಳೆ. ಬಾಯಿ ಬಿಗಿಯಾಗಿ ಮುಚ್ಚಿದೆ. ಗದ್ದ ಉಬ್ಬಿದೆ, ಸಿಟ್ಟನ್ನೆಲ್ಲ ಅಲ್ಲೇ ಒತ್ತಿಟ್ಟುಕೊಂಡವರ ಹಾಗೆ. ಆ ಮಣ್ಣಿನ ಕುಡಿಕೆಯೊಳಗೆ ಸೇರಿಕೊಂಡು ದಿನವಿಡೀ ಹೊರಗೆ ನೋಡುತ್ತಿರುತ್ತಾಳೆ. ಮುದ್ರಣಾಲಯದ ಕೆಲಸದಲ್ಲಿ ನಾನು ದಿನವೂ ಎಷ್ಟೋ ಕರಪತ್ರಗಳನ್ನು ಮಡಚುತ್ತೇನೆ, ಓದದೆ ಒಂದನ್ನೂ ಮಡಚಿದವಳಲ್ಲ. ಸತ್ಯಾಗ್ರಹದ ಮುಖ ಹೇಗಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾರಣ ಕಣ್ಣೆದುರಿಗೇ ಇತ್ತು. ಟ್ಯಾಂಕಿನ ಕಲ್ಲುಗಳೆಲ್ಲ ಸಾಹೇಬನವು. ಒಳ್ಳೆಯ ಬೆಳಕು ಬೀಳುವ ಜಾಗವೂ ಅವನದೇ. ಯಾರಾದರೂ ಆ ಕಡೆ ತಲೆ ಹಾಕಿದರೆ ಅಟ್ಟಿಸಿಕೊಂಡು ಹೋಗುತ್ತಾನೆ. ಯಾರು ಕೊಟ್ಟರು ಅವನಿಗೆ ಈ ಹಕ್ಕು? ಅವನನ್ನು ಹಿಡಿದು ಕಿಟಕಿಯ ಹತ್ತಿರದ ಚಿಕ್ಕ ಟ್ಯಾಂಕಿಗೆ ಗಡಿಪಾರು ಮಾಡಿದೆ. ಲೋಟ ಲೋಟವಾಗಿ ಒಗ್ಗಿಸಿಯೇ ಮಾಡಿದೆ, ಚಿಂತೆ ಬೇಡ. ಗಡಿಪಾರಿಗೂ ಒಂದು ಮರ್ಯಾದೆ ಇರಬೇಕು.

ಆದರೂ ಅವಳು ತಿನ್ನಲಿಲ್ಲ. ಅವಳಿಗೆ ಬೆಂಬಲವಾಗಿ ನಾನೂ ಒಂದು ದಿನ ಉಪವಾಸ ಮಾಡಿದೆ. ಸಂಜೆ ಕಾಗದ ಕತ್ತರಿಸುವ ಯಂತ್ರದ ಪಕ್ಕ ತಲೆ ತಿರುಗಿ ಕೂತುಬಿಟ್ಟೆ. ಫೋರ್‌ಮನ್ನು ಒಂದು ಬನ್ನು ತಂದು ಕೈಗಿಟ್ಟು, “ಮೊದ್ಲು ತಿನ್ನು, ಆಮೇಲೆ ಕ್ರಾಂತಿ ಮಾಡು” ಅಂದರು. ತಿಂದೆ. ಮನೆಗೆ ಬಂದು ನೋಡಿದರೆ ಅವಳು ತಿಂದಿರಲಿಲ್ಲ. ನಮ್ಮಿಬ್ಬರಲ್ಲಿ ನಿಜವಾದ ಹೋರಾಟಗಾರ್ತಿ ಯಾರು ಅನ್ನುವುದು ಆವತ್ತೇ ತೀರ್ಮಾನವಾಯಿತು.

ಈಗ ನನಗೆ ಅರ್ಥವಾಗಿದೆ. ಅವಳ ಜಗಳ ಸಾಹೇಬನ ಜೊತೆ ಅಲ್ಲ, ಗಾಜಿನ ಜೊತೆ. ಅಮ್ಮ, ನೀನು ಪ್ರೀತಿಯಿಂದಲೇ ಅವುಗಳನ್ನು ಸಾಕಿದ್ದೀಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರೀತಿಯಿಂದ ಕಟ್ಟಿದ ಗೋಡೆಯೂ ಗೋಡೆಯೇ. ಬಸ್ ನಿಲ್ದಾಣದ ಆ ಗೂಡಿನಲ್ಲಿ ಕೂತು ನೀನು ಇಷ್ಟು ವರ್ಷ ಬಸ್ಸುಗಳ ಹೆಸರು ಕೂಗಿದೆ. ಮೈಕು ಕೆಟ್ಟ ಮೇಲೂ ಬರಿಯ ಗಂಟಲಲ್ಲೇ ಕೂಗಿದೆ. ಮುಂದಿನ ತಿಂಗಳು ಸರಿಮಾಡಿಸುತ್ತೇವೆ ಅಂತ ನಿಲ್ದಾಣದ ಅಧಿಕಾರಿಗಳು ಪ್ರತಿ ತಿಂಗಳೂ ಹೇಳಿದರು, ನೀನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ. ಕೊನೆಗೆ ಗಂಟಲಿಗೆ ಆಪರೇಶನ್ನೇ ಮಾಡಿಸಬೇಕಾಗಿ ಬಂತು. ಬೂದಿಯನ್ನು ನೋಡಿದಾಗಲೆಲ್ಲ ನನಗೆ ನೀನೇ ನೆನಪಾಗುತ್ತೀಯ.

ಆದ್ದರಿಂದ ಬರುವ ಭಾನುವಾರ ಬೆಳಿಗ್ಗೆ ಅವಳನ್ನು ಪಾರ್ಕಿನ ಕೊಳಕ್ಕೆ ಬಿಡುತ್ತೇನೆ. ಸಂಜೆಯೊಳಗೆ ಉಳಿದವರನ್ನೂ ಬಿಡುತ್ತೇನೆ, ಸಾಹೇಬನನ್ನೂ ಸೇರಿಸಿ. ಒಬ್ಬರನ್ನು ಹಿಂದೆ ಬಿಟ್ಟು ಮಾಡುವ ಬಿಡುಗಡೆ ಬಿಡುಗಡೆಯಲ್ಲ. ನಿನಗೆ ಹೇಳದೆ ಮಾಡಬಾರದು ಅಂತ ಬರೆಯುತ್ತಿದ್ದೇನೆ. ಒಪ್ಪಿಗೆ ಕೇಳುತ್ತಿಲ್ಲ. ಆದರೆ ಒಪ್ಪಿದರೆ ತುಂಬಾ ಸಂತೋಷವಾಗುತ್ತದೆ.

ಹಟಮಾರಿಯಾದರೂ ನಿನ್ನವಳೇ ಆದ
ಮಗಳು

ತಾ.ಕ.: ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುವುದನ್ನು ಮರೆಯಬೇಡ.

 

ಶನಿವಾರ, ಸಂಜೆ

ನನ್ನ ಭಾಷಣಗಾರ್ತಿಗೆ,

ನಿನ್ನ ಪತ್ರ ಈಗ ತಾನೇ ಬಂತು. ಮುದ್ರಣಾಲಯಕ್ಕೆ ಚಿಕ್ಕಮ್ಮನ ಕೈಲಿ ಫೋನು ಮಾಡಿಸಿದೆ, ಬಾಗಿಲು ಹಾಕಿರಬೇಕು, ಯಾರೂ ಎತ್ತುತ್ತಿಲ್ಲ. ಈ ಕಾಗದ ನಿನ್ನ ಭಾನುವಾರಕ್ಕೆ ಮೊದಲು ತಲುಪುವುದಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಅದು ಉಪವಾಸವೂ ಅಲ್ಲ, ಸತ್ಯಾಗ್ರಹವೂ ಅಲ್ಲ. ಅವಳ ಬಾಯಲ್ಲಿ ಮಕ್ಕಳಿವೆ.

ಆ ಜಾತಿಯ ಮೀನು ಮೊಟ್ಟೆಯಿಟ್ಟ ತಕ್ಷಣ ಬಾಯಿಗೆ ತೆಗೆದುಕೊಳ್ಳುತ್ತದೆ. ಮೊಟ್ಟೆ ಒಡೆದು ಮರಿಯಾಗಿ, ಮರಿ ಈಜುವಷ್ಟು ಬಲಿಯುವ ತನಕ ಬಾಯಿ ಬಿಡುವುದಿಲ್ಲ, ತಿನ್ನುವುದೂ ಇಲ್ಲ. ಬೂದಿ ಇದುವರೆಗೆ ಒಮ್ಮೆಯೂ ಕೊನೆಯ ತನಕ ಹಿಡಿದವಳಲ್ಲ. ಸಾಹೇಬ ಅಟ್ಟಿಸಿಕೊಂಡು ಬಂದಾಗಲೆಲ್ಲ ಹೆದರಿ ನುಂಗಿಬಿಡುತ್ತಿದ್ದಳು. ನಾನು ಎಷ್ಟು ಸಲ ಕಾದು ಕೂತು ಬರಿಗೈಯಲ್ಲಿ ಎದ್ದಿದ್ದೇನೆ ಅನ್ನುವುದು ಅವಳಿಗೂ ನನಗೂ ಮಾತ್ರ ಗೊತ್ತು. ಹೊರಡುವ ದಿನ ಅವರಿಬ್ಬರೂ ಚಪ್ಪಟೆ ಕಲ್ಲಿನ ಸುತ್ತ ಸುತ್ತುವುದನ್ನು ಕಂಡಿದ್ದೆ. ಈ ಸಲವೂ ಹಾಗೇ ಆಗುತ್ತದೆ ಅಂದುಕೊಂಡು ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಗಾಜಿಗೆ ಮೂಗು ಒತ್ತಿಕೊಂಡು ಅವಳಿಗೆ ಭಾಷಣ ಮಾಡುತ್ತಿದ್ದೆ.

ಸಾಹೇಬನನ್ನು ಬೇರೆ ಮಾಡಿದ್ದು ಮಾತ್ರ ಒಳ್ಳೆಯ ಕೆಲಸ. ಅದನ್ನು ನಾನೇ ಎಂದೋ ಮಾಡಬೇಕಾಗಿತ್ತು. ಅವನ ಬಣ್ಣ ನೋಡುತ್ತ ಮನಸ್ಸಾಗಲಿಲ್ಲ.

ನೀನು ಅವಳನ್ನು ಇನ್ನೂ ಬಿಟ್ಟಿಲ್ಲದಿದ್ದರೆ ಗಾಜಿಗೆ ಬಟ್ಟೆ ಮುಚ್ಚು. ಬಲೆ ಹಾಕಬೇಡ. ಬಾಯಿ ಬಿಡಿಸಲು ಹೋಗಬೇಡ, ಅವಳೇ ಬಿಡಲಿ. ಮರಿಗಳು ಹೊರಗೆ ಬಂದ ಮೇಲೆ ಕಾಳನ್ನು ಬೆರಳ ನಡುವೆ ಹಿಟ್ಟಿನ ಹಾಗೆ ಉಜ್ಜಿ ಹಾಕು. ಸೀಗಡಿ ಮೊಟ್ಟೆಯ ಡಬ್ಬಿ ಕಪಾಟಿನ ಮೇಲಿನ ಹಲಗೆಯಲ್ಲಿದೆ. ಉಪ್ಪುನೀರಿನ ಬಾಟಲಿಗೆ ಚಮಚದ ತುದಿಯಷ್ಟು ಹಾಕಿ ಗಾಳಿಯ ಕೊಳವೆ ಬಿಡು, ಮರುದಿನಕ್ಕೆ ಒಡೆದಿರುತ್ತವೆ, ಆ ಸೀಗಡಿ ಮರಿಗಳೇ ಇವಕ್ಕೆ ಊಟ.

ಬಿಟ್ಟುಬಿಟ್ಟಿದ್ದರೆ, ಆಯಿತು. ಆ ಕೊಳದಲ್ಲಿ ದೊಡ್ಡ ಮೀನುಗಳಿವೆ, ಬಾತುಗಳಿವೆ, ನೀರೂ ತಣ್ಣಗಿದೆ. ನಿನಗೆ ಸುಳ್ಳು ಹೇಳಲಾರೆ. ಆದರೆ ಅದಕ್ಕಾಗಿ ನೀನು ಅಳುತ್ತ ಕೂರಬೇಡ, ಊಟವನ್ನಂತೂ ಬಿಡಬೇಡ. ನೀನು ಕೆಟ್ಟದ್ದಕ್ಕೆ ಮಾಡಿದ್ದಲ್ಲ.

ಇನ್ನು ನನ್ನ ವಿಷಯ. ನಾನು ಬಾಯಿ ಮುಚ್ಚಿಕೊಂಡಿದ್ದೆ ಅಂತ ಬರೆದಿದ್ದೀಯ. ದಿನವಿಡೀ ಕೂಗಿ ಗಂಟಲು ಕಳೆದುಕೊಂಡವಳಿಗೆ ಈ ಮಾತು! ಮೈಕಿಲ್ಲ ಅಂತ ನಾನು ಸುಮ್ಮನೆ ಕೂತಿದ್ದರೆ ಮುದುಕರು, ಕಣ್ಣು ಕಾಣದವರು, ಓದು ಬರದವರು ಯಾವ ಬಸ್ಸು ಹತ್ತುತ್ತಿದ್ದರು? ಅದಕ್ಕೆ ನಿನ್ನ ಕರಪತ್ರದಲ್ಲಿ ಏನು ಹೆಸರಿದೆಯೋ ಗೊತ್ತಿಲ್ಲ. ಬೂದಿಯನ್ನೂ ನನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ. ನಾನು ಮೂರು ಹೊತ್ತೂ ಹೊಟ್ಟೆ ತುಂಬ ತಿನ್ನುತ್ತಿದ್ದೇನೆ.

ನಿನ್ನ ಪತ್ರದ ಕೊನೆಗೆ ಬಂದಾಗ ನನ್ನ ಬಾಯಿಂದ ಮಾತು ಹೊರಬಿತ್ತು. ಆಪರೇಶನ್ ಆದ ಮೇಲೆ ಮೊದಲನೆಯ ಮಾತು. “ಅಯ್ಯೋ ಕತ್ತೆ!” ಚಿಕ್ಕಮ್ಮ ಕೈಲಿದ್ದ ಬಟ್ಟಲು ಬೀಳಿಸಿ, “ನನಗಾ ಅಂದಿದ್ದು?” ಅಂತ ಕೇಳಿದಳು. ಡಾಕ್ಟರಿಗೆ ಗೊತ್ತಾಗುವುದು ಬೇಡ. ಸ್ವರ ಮಾತ್ರ ಸ್ವಚ್ಛವಾಗಿತ್ತು.

ಅಮ್ಮ

ತಾ.ಕ.: ಟ್ಯಾಂಕಿನ ನೀರು ತೆಗೆಯುವಾಗ ಮಂಚದ ಕೆಳಕ್ಕೆ ಹರಿಯುತ್ತದೆ. ಅಲ್ಲಿ ಇಟ್ಟಿರುವ ಬ್ಯಾಗು ಒದ್ದೆಯಾಗದ ಹಾಗೆ ನೋಡಿಕೋ.

 

ಗುರುವಾರ, ಸಂಜೆ ಬೆಳಕಿರುವಾಗಲೇ

ಒಂದೇ ಒಂದು ಮಾತಾಡಿ, ಅದರಲ್ಲೂ ನನ್ನನ್ನು ಬೈದ ಅಮ್ಮನಿಗೆ,

ನಿನ್ನ ಕಾಗದ ಹೋದ ವಾರ ಸೋಮವಾರವೇ ಕೈ ಸೇರಿತು. ಕೂಡಲೇ ಫೋನು ಮಾಡಿ “ಮೀನು ಮನೇಲೇ ಇದೆ, ಎಲ್ಲಾ ಕ್ಷೇಮ” ಅಂತ ಚಿಕ್ಕಮ್ಮನಿಗೆ ಹೇಳಿದ್ದೆ. ಅವಳು ನಿನಗೆ ಏನಂತ ಮುಟ್ಟಿಸಿದಳೋ! ಅದಾದ ಮೇಲೆ ಇಷ್ಟು ದಿನ ಬರೆಯದೆ ಇದ್ದದ್ದು ಸೋಮಾರಿತನದಿಂದಲ್ಲ, ಎರಡು ಕೈಯೂ ಸದಾ ಒದ್ದೆಯಾಗಿರುತ್ತವೆ. ಈಗ ಪೂರ್ತಿ ಕೇಳು.

ಆ ಭಾನುವಾರ ಬೆಳಿಗ್ಗೆ ನಾನು ಅವಳನ್ನು ಒಯ್ದದ್ದು ನಿಜ. ಬಲೆ ಹಾಕಲಿಲ್ಲ. ಬಿಡುಗಡೆಯ ದಿನ ಬಲೆ ಹಿಡಿಯುವುದು ನನಗೆ ಸರಿ ಕಾಣಲಿಲ್ಲ. ಅವಳು ಕುಡಿಕೆಯೊಳಗೇ ಇದ್ದಳಲ್ಲ, ಕುಡಿಕೆಯ ಬಾಯಿಗೆ ಅಂಗೈ ಅಡ್ಡ ಹಿಡಿದು ಅದರ ಸಮೇತ ಎತ್ತಿ ಬಿಳಿ ಬಕೆಟ್ಟಿಗೆ ಇಳಿಸಿದೆ. ಬೀದಿಯುದ್ದಕ್ಕೂ ನೀರು ತುಳುಕದ ಹಾಗೆ ನಡೆದೆ. ಪಾರ್ಕಿನಲ್ಲಿ ಹೇಳಬೇಕಾದ ನಾಲ್ಕು ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಕೇಳಲು ಬಾತುಗಳಷ್ಟೇ ಇದ್ದವು, ಆದರೂ.

ಕೊಳದ ಮೆಟ್ಟಿಲ ಮೇಲೆ ಬಕೆಟ್ಟಿಟ್ಟೆ. ಅಲ್ಲೇ ಸುರಿದುಬಿಟ್ಟಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು, ಅಮ್ಮ. ಆದರೆ ನಿನ್ನ ಪಾಠ ಕೈಯನ್ನು ಹಿಡಿಯಿತು. ಸ್ವಾತಂತ್ರ್ಯಕ್ಕಾದರೂ ಲೋಟ ಲೋಟವಾಗಿಯೇ ಒಗ್ಗಿಸಬೇಕು ಅಂತ ಕೊಳದ ನೀರನ್ನು ಒಂದೊಂದೇ ಲೋಟ ಬಕೆಟ್ಟಿಗೆ ಹಾಕುತ್ತ ಕೂತೆ. ಹಾಕುವುದು, ಕಾಯುವುದು. ಬಕೆಟ್ಟು ತುಂಬುತ್ತ ಬಂದಾಗ ಅದರಿಂದ ಒಂದು ಲೋಟ ಎತ್ತಿ ಕೊಳಕ್ಕೆ ಚೆಲ್ಲುವುದು.

ಅಷ್ಟರಲ್ಲಿ ಕಾವಲುಗಾರರು ಕೋಲು ಕುಟ್ಟುತ್ತ ಬಂದರು.

“ಏನಮ್ಮ ಅದು? ಕೊಳದಲ್ಲಿ ಪಾತ್ರೆ ತೊಳೀತಿದ್ದೀಯಾ?”

“ಇಲ್ಲಾರೀ, ಮೀನು ಬಿಡ್ತಿದ್ದೀನಿ.”

“ಬಿಡ್ತಿದ್ದೀಯೋ ಹಿಡೀತಿದ್ದೀಯೋ? ಎಲ್ರೂ ಹೀಗೇ ಹೇಳ್ತಾರೆ. ಇಲ್ಲಿ ಬಿಡೋ ಹಾಗೂ ಇಲ್ಲ, ಹಿಡಿಯೋ ಹಾಗೂ ಇಲ್ಲ. ಬೋರ್ಡು ಓದೋಕೆ ಬರಲ್ವಾ?”

ಓದು ಬರುವುದಿಲ್ಲವೇ ಅಂತ ಕೇಳಿದರೆ ನಾನು ಸುಮ್ಮನಿರುವವಳೇ? ಬೋರ್ಡು ಬರೆದವರು ಯಾರು, ಯಾರನ್ನು ಕೇಳಿ ಬರೆದರು ಅಂತ ಶುರು ಮಾಡಿದೆ. ಅವರು ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಆಕಳಿಸಿದರು. ನನ್ನ ಮಾತು ಇನ್ನೂ ಅರ್ಧದಲ್ಲಿತ್ತು, ಅವರು ಬಕೆಟ್ಟಿಗೆ ಬೆರಳು ತೋರಿಸಿ, “ಆಯ್ತಮ್ಮ ತಾಯಿ, ನೀನು ಬಿಡೋದು ಒಂದು ಮೀನಾ, ಇಡೀ ವಂಶಾನಾ?” ಅಂದರು.

ನೋಡಿದೆ. ಬೂದಿ ಕುಡಿಕೆಯಿಂದ ಹೊರಗೆ ಬಂದು ನೀರಿನ ನಡುವೆ ನಿಂತಿದ್ದಳು. ಬಾಯಿ ತೆರೆದಿತ್ತು. ಅವಳ ಸುತ್ತ ಕಣ್ಣುಗಳು. ಮೊದಲು ಬರಿಯ ಕಣ್ಣುಗಳೇ ಕಂಡದ್ದು, ಬಿಳಿ ಬಕೆಟ್ಟಿನ ಮೇಲೆ ಯಾರೋ ಪೆನ್ನಿನ ತುದಿಯಿಂದ ಚುಕ್ಕೆ ಇಟ್ಟ ಹಾಗೆ. ಆಮೇಲೆ ಪ್ರತಿ ಜೋಡಿ ಕಣ್ಣಿನ ಹಿಂದೆ ಒಂದು ಬಾಲ ಅಲ್ಲಾಡುತ್ತಿರುವುದು ಕಂಡಿತು.

ಇನ್ನೂ ಚೆನ್ನಾಗಿ ನೋಡಲು ಕಾವಲುಗಾರರು ಬಗ್ಗಿದರು. ಅವರ ನೆರಳು ನೀರಿನ ಮೇಲೆ ಬಿತ್ತು. ಕ್ಷಣದಲ್ಲಿ ಅಷ್ಟೂ ಚುಕ್ಕೆಗಳು ಅವಳ ಬಾಯೊಳಗೆ ಹೋದವು. ಬಾಯಿ ಮುಚ್ಚಿತು.

“ಅಯ್ಯಯ್ಯೋ, ತಿಂದ್ಬಿಟ್ಲು! ಹೆತ್ತವಳೇ ತಿಂದ್ಬಿಟ್ಲು!” ಅಂತ ಅವರು ಬೊಬ್ಬೆ ಹಾಕಿದರು. ನಾನು ಅದಕ್ಕಿಂತ ಜೋರಾಗಿ ಅತ್ತೆ. ಅಮ್ಮ, ನನ್ನ ಎಲ್ಲ ಓದು ಆ ಮೆಟ್ಟಿಲ ಮೇಲೆ ಮಗುಚಿ ಬಿತ್ತು. ಅವಳನ್ನು ಇಲ್ಲಿಗೆ ತಂದು ಹೆದರಿಸಿದ್ದು ನಾನು ತಾನೆ? ಹಿಂದೆ ಸರಿದು ಕೂತು, ಮಂಡಿಯ ಮೇಲೆ ಗದ್ದವಿಟ್ಟೆ. ಕಾವಲುಗಾರರಿಗೂ ಬೇಸರವಾಗಿರಬೇಕು, ಅವರೂ ಹಿಂದೆ ಸರಿದರು. ನೆರಳು ಸರಿದದ್ದೇ ತಡ, ಅವಳು ಮತ್ತೆ ಬಾಯಿ ತೆರೆದಳು. ಒಂದು ಬಂತು. ಅದು ಆಚೀಚೆ ನೋಡಿದ ಹಾಗಿತ್ತು. ಆಮೇಲೆ ಎಲ್ಲವೂ ಬಂದವು.

ನಾವಿಬ್ಬರೂ ದೂರದಿಂದಲೇ ಕತ್ತು ಚಾಚಿ ನೋಡಿದೆವು. ಕೊನೆಗೆ ಕಾವಲುಗಾರರು ನನ್ನನ್ನೇ ಗದರಿದರು: “ಇನ್ನೂ ಕೂತಿದ್ದೀಯಲ್ಲ! ಬಾಣಂತೀನ ಬಿಸಿಲಲ್ಲಿ ಕೂರಿಸ್ತಾರಾ ಯಾರಾದ್ರೂ? ಏಳು, ಮನೆಗೆ ಕರ್ಕೊಂಡು ಹೋಗು.” ತಮ್ಮ ಛತ್ರಿ ಬಿಡಿಸಿ ಬಕೆಟ್ಟಿನ ಮೇಲೆ ಹಿಡಿದು ಪಾರ್ಕಿನ ಗೇಟಿನ ತನಕ ಬಂದರು. ಅಲ್ಲಿಂದ ಮುಂದೆ ಛತ್ರಿಯನ್ನು ನನ್ನ ಕೈಗೇ ಕೊಟ್ಟರು. ಹಿಂದಿರುಗಿಸಲು ಹೋದಾಗಲೆಲ್ಲ “ಮಕ್ಕಳು ಹೇಗಿವೆ?” ಅಂತ ಕೇಳುತ್ತಾರೆ, ಛತ್ರಿಯ ವಿಷಯ ಇಬ್ಬರಿಗೂ ಮರೆತುಹೋಗುತ್ತದೆ. ಅದು ಇನ್ನೂ ನಮ್ಮ ಬಾಗಿಲ ಹಿಂದೆಯೇ ಇದೆ.

ಒಂದು ವಿಷಯ ಮುಚ್ಚಿಡಲಾರೆ. ಅವರು ಬೆರಳು ತೋರಿಸುವ ಮೊದಲು ನಾನು ಬಕೆಟ್ಟಿನಿಂದ ಕೊಳಕ್ಕೆ ನೀರು ಚೆಲ್ಲುತ್ತಿದ್ದೆನಲ್ಲ, ಕೊನೆಯ ಲೋಟದಲ್ಲಿ ಒಂದೆರಡು ಹೋಗಿರಬಹುದು. ಕಂಡಿರಲಿಲ್ಲ. ಈಗ ಲೋಟದಲ್ಲಿ ನೀರು ಕುಡಿಯುವಾಗಲೂ ಮೊದಲು ಒಳಗೆ ನೋಡುತ್ತೇನೆ.

ಇನ್ನು ಉಳಿದವುಗಳ ಕಥೆ. ನಿನ್ನ ಕಾಗದ ಬರುವ ತನಕ ಏನೂ ತಿಳಿಯದೆ ಬಕೆಟ್ಟನ್ನು ನಡುಮನೆಯ ನೆರಳಲ್ಲಿಟ್ಟು, ಗಾಳಿಯ ಕೊಳವೆ ಹಾಕಿ, ಪಕ್ಕದಲ್ಲೇ ಕೂತಿದ್ದೆ. ಆಮೇಲೆ ನೀನು ಬರೆದದ್ದನ್ನು ಅಕ್ಷರಶಃ ಮಾಡಿದೆ. ತಾಯಿ ಮಕ್ಕಳನ್ನು ಖಾಲಿಯಿದ್ದ ಇನ್ನೊಂದು ಟ್ಯಾಂಕಿಗೆ ಸೇರಿಸಿ, ಗಾಜಿಗೆ ನನ್ನ ಹಳೆಯ ಲಂಗ ಹೊದಿಸಿದೆ. ಸೀಗಡಿಯ ಮೊಟ್ಟೆ ಮೊದಲ ಬಾಟಲಿಯಲ್ಲಿ ಒಡೆಯಲಿಲ್ಲ, ಎರಡನೆಯದರಲ್ಲಿ ಒಡೆದವು. ಬಾಟಲಿಯ ಬುಡಕ್ಕೆ ದೀಪ ಹಿಡಿದರೆ ಕಿತ್ತಳೆ ಬಣ್ಣದ ಧೂಳು ಬೆಳಕಿನ ಕಡೆ ಹರಿದು ಬರುತ್ತದಲ್ಲ, ಅದನ್ನು ಹೀರಿ ಹಾಕುತ್ತೇನೆ. ತಿಂದ ಮರಿಯ ಹೊಟ್ಟೆ ಕಿತ್ತಳೆಯಾಗಿ ಹೊರಗೇ ಕಾಣುತ್ತದೆ. ಯಾರು ತಿಂದರು, ಯಾರು ಹಸಿದಿದ್ದಾರೆ ಅನ್ನುವುದು ಇಷ್ಟು ಸ್ಪಷ್ಟವಾಗಿ ಕಾಣುವ ಸಮಾಜವನ್ನು ನಾನು ಬೇರೆಲ್ಲೂ ನೋಡಿಲ್ಲ.

ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಒಂದೇ ಕಡೆ ಹಾಕಿದರೆ ದಪ್ಪನೆಯ ಮರಿಗಳು ಎಲ್ಲವನ್ನೂ ಬಾಚುತ್ತವೆ. ಆದ್ದರಿಂದ ನಾಲ್ಕು ಮೂಲೆಗೂ ಬೇಗ ಬೇಗ ಹನಿಸುತ್ತೇನೆ. ದಪ್ಪನೆಯವು ಒಂದು ಮೂಲೆಗೆ ಓಡುವಷ್ಟರಲ್ಲಿ ಸಣ್ಣವು ಉಳಿದ ಮೂಲೆಗಳಲ್ಲಿ ಊಟ ಮುಗಿಸಿರುತ್ತವೆ. ಈಗ ಬಾಲ ಸೊಟ್ಟಗಿರುವ ಒಂದರ ಹೊಟ್ಟೆಯೂ ಕಿತ್ತಳೆಯಾಗಿದೆ. ಅದನ್ನು ತೆಗೆದುಹಾಕು ಅಂತ ಸಾಕುಮೀನಿನ ಅಂಗಡಿಯವರು ಹೇಳಿದರು. ನಾನು ಅವರಿಗೆ ಏನು ಹೇಳಿದೆ ಅನ್ನುವುದು ನಿನಗೆ ಬೇಡ. ಸಾಹೇಬ ಗಡಿಪಾರಿನಲ್ಲೇ ಇದ್ದಾನೆ. ಆ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ, ನೀನೂ ಲಿಖಿತವಾಗಿ ಒಪ್ಪಿದ್ದೀಯ.

ಮೊದಮೊದಲು ನನ್ನ ಕೈ ಕಂಡರೂ ಅವೆಲ್ಲ ಬೂದಿಯ ಬಾಯಿಗೆ ನುಗ್ಗುತ್ತಿದ್ದವು. ಮೊನ್ನೆ ಸಂಜೆ ಲಂಗ ಸರಿಸಿದಾಗ ಹೆದರಿ ಓಡಿದವು, ಆದರೆ ಕಲ್ಲಿನ ಸಂದಿಗೆ. ಬೂದಿ ಬಾಯಿ ತೆರೆದು ಕಾದಳು. ಒಂದೂ ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಬಾಯಿ ಮುಚ್ಚಿ, ತಿರುಗಿ, ನೇರವಾಗಿ ಮೇಲೆ ಬಂದು ತೇಲುತ್ತಿದ್ದ ಕಾಳನ್ನು ಗಬಕ್ಕನೆ ತಿಂದಳು. ಎಷ್ಟು ಹಸಿದಿದ್ದಳು ಅಮ್ಮ! ಒಂದರ ಮೇಲೊಂದು ತಿಂದಳು. ಚಪ್ಪಾಳೆ ತಟ್ಟಿದೆ. ಮೇಲಿನ ಮನೆಯವರು ಯಾರು ಬಂದಿದ್ದಾರೆ ಅಂತ ಇಣುಕಿದರು.

ತಕ್ಕಡಿಯಲ್ಲಿ ತೂಗಬೇಡ ಅಂದಿದ್ದೀಯ, ತೂಗುವುದಿಲ್ಲ. ಬಾಯಿ ಮುಚ್ಚಿಕೊಂಡೆ ಅಂತ ನಿನಗೆ ಬರೆದ ಸಾಲನ್ನು ಮಾತ್ರ ವಾಪಸು ತೆಗೆದುಕೊಳ್ಳುತ್ತೇನೆ. ನಿಲ್ದಾಣದಲ್ಲಿ ನಿನ್ನ ಬದಲು ಯಾರೂ ಕೂಗುತ್ತಿಲ್ಲ. ನಿನ್ನೆ ಅಲ್ಲಿ ನಿಂತಿದ್ದೆ. ಕನ್ನಡಕದ ಅಜ್ಜಿಯೊಬ್ಬರು ಪ್ರತಿ ಬಸ್ಸಿನ ಮುಂದೆಯೂ ಹೋಗಿ, “ಇವತ್ತು ಆಯಮ್ಮ ಇಲ್ವಾ?” ಅಂತ ಕೇಳುತ್ತಿದ್ದರು. ಅವರನ್ನು ಬಸ್ಸು ಹತ್ತಿಸಿ ಬಂದೆ. ಹೊಸ ಮೈಕಿನ ಪೆಟ್ಟಿಗೆ ಗೂಡಿನಲ್ಲಿ ಬಂದು ಕೂತಿದೆ. ಇದರಲ್ಲಿ ನನ್ನ ಕೈವಾಡವಿಲ್ಲ, ಕೆಟ್ಟ ಮೈಕಿನ ಬಗ್ಗೆ ನಾನು ಬರೆದ ಕರಪತ್ರ ಇನ್ನೂ ಅಚ್ಚಾಗಿಲ್ಲ. ಬರೆದದ್ದು ಮಾತ್ರ ಮೇಜಿನ ಮೇಲಿದೆ. ನೀನು ಬಂದು ಓದಿ, ತಿದ್ದಿ, ಬೇಕಾದರೆ ಹರಿದುಹಾಕು.

ಬೇಗ ಬಾ. ಮರಿಗಳು ಇನ್ನೂ ನಿನ್ನ ಸ್ವರ ಕೇಳಿಲ್ಲ.

ಮೀನು ಮಕ್ಕಳ ಆಯಾ,
ನಿನ್ನ ಕತ್ತೆ

ತಾ.ಕ.: ನಿನ್ನ ತಾ.ಕ. ಓದಿದ ದಿನ ಬ್ಯಾಗನ್ನು ಮುಟ್ಟಲು ಧೈರ್ಯವಾಗಲಿಲ್ಲ. ಇವತ್ತು ಒಣಗಿದ ಬಟ್ಟೆ ಒಂದೂ ಉಳಿದಿರಲಿಲ್ಲ, ಎಳೆದೆ. ನಿನಗೆ ಹೇಳಿರಲಿಲ್ಲ: ಗಿರಣಿಗಳಿರುವ ಊರೊಂದರಲ್ಲಿ ಕಾರ್ಮಿಕ ಸಂಘದವರು ಓದುಮನೆ ತೆರೆಯುತ್ತಿದ್ದಾರೆ. ಅಲ್ಲಿ ಕೆಲಸ ಮಾಡಲು, ಆ ಭಾನುವಾರದ ಮಾರನೆಯ ದಿನವೇ ಹೊರಟು ಬರುತ್ತೇನೆ ಅಂತ ಅವರಿಗೆ ಹೇಳಿದ್ದೆ. ನೀನು ಹೊರಡುವ ಮೊದಲೇ ಬ್ಯಾಗು ಕಟ್ಟಿಟ್ಟಿದ್ದೆ. ಮೀನುಗಳಿಗೆ ಕಾಳು ಹಾಕಲು ಯಾರೂ ಇರುವುದಿಲ್ಲವಲ್ಲ, ಅದಕ್ಕೇ ಒಂದೇ ದಿನ ಎಲ್ಲರ ಬಿಡುಗಡೆ. ಬೂದಿಯ ಉಪವಾಸ ನನಗೆ ಒಳ್ಳೆಯ ನೆಪವಾಯಿತು. ಅದು ಅವಳ ಬಿಡುಗಡೆಯಾಗಿರಲಿಲ್ಲ ಅಮ್ಮ, ನನ್ನದು. ಈಗ ಅವರಿಗೆ, ಮನೆಯಲ್ಲಿ ಚಿಕ್ಕ ಮಕ್ಕಳಿವೆ, ಸ್ವಲ್ಪ ದೊಡ್ಡವಾಗುವ ತನಕ ಬರಲಾಗದು ಅಂತ ಬರೆದಿದ್ದೇನೆ. ಯಾರ ಮಕ್ಕಳು ಅಂತ ಇನ್ನೂ ಯಾರೂ ಕೇಳಿಲ್ಲ.

ಬ್ಯಾಗಿನಲ್ಲಿ ಬಟ್ಟೆಯ ಅಡಿ ನಿನ್ನ ಹಸಿರು ಡಬ್ಬಿ ಸಿಕ್ಕಿತು, ಬಾಯಿ ತನಕ ಗಂಟಲ ಮಾತ್ರೆ ತುಂಬಿ. ಅದನ್ನು ನಾನು ಇಟ್ಟಿರಲಿಲ್ಲ. ನಾನು ಹೋಗುವುದೂ, ಹೋದಲ್ಲಿ ಕೂಗಿ ಗಂಟಲು ನೋಯಿಸಿಕೊಳ್ಳುವುದೂ ನಿನಗೆ ಆಗಲೇ ಗೊತ್ತಿತ್ತು. ನೀನು ಬಂದ ಮೇಲೆ, ನಿನಗೆ ಹೇಳಿ, ಮುಂಬಾಗಿಲಿಂದಲೇ ಹೋಗುತ್ತೇನೆ. ಒಂದು ಮಾತ್ರೆ ತಿಂದೆ. ಕೂಗಿ ಗಂಟಲು ನೊಂದಿರಲಿಲ್ಲ, ಸುಮ್ಮನೆ.